ಸಣ್ಣ ಎಂಜಿನ್ನಿಗೆ ದೊಡ್ಡ ಹೊರೆ

ಕಾರು ಮಾರುವ ಮಳಿಗೆಗಳಲ್ಲಿ ಗಿರಾಕಿಗಳ ಕೈಗೆ ಒಂದು ಬಣ್ಣದ ಹಾಳೆಯನ್ನು ಕೊಡುವ ಪದ್ಧತಿಯುಂಟು. ಅದರ ಮುಂಬದಿಯಲ್ಲಿ ಬೆಟ್ಟದ ತಿರುವಿನಲ್ಲಿ ನಿಂತ ಕಾರಿನ ಚಿತ್ರ. ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಎಂಜಿನ್ನಿನ ವಿವರ. ಇಷ್ಟು ಘನ ಸೆಂಟಿಮೀಟರು, ಇಷ್ಟು ಅಶ್ವಶಕ್ತಿ, ಲೀಟರಿಗೆ ಇಷ್ಟು ಕಿಲೋಮೀಟರು. ಕಳೆದ ಹದಿನೈದು ವರ್ಷಗಳ ಇಂತಹ ಹಾಳೆಗಳನ್ನು ಒಟ್ಟಿಗೆ ಹರಡಿ ನೋಡಿದವರಿಗೆ ಒಂದು ವಿಚಿತ್ರ ಕಾಣದೆ ಇರದು. ಮೊದಲನೆಯ ಅಂಕಿ ಇಳಿಯುತ್ತ ಬಂದಿದೆ. ಎರಡನೆಯದು ಏರುತ್ತ ಬಂದಿದೆ. ಎಂಜಿನ್ನು ಕುಗ್ಗಿದಷ್ಟೂ ಅದರ ಬಲ ಹೆಚ್ಚಿದೆ. ಇದು ಜಾದುವಲ್ಲ, ಭೌತವಿಜ್ಞಾನ. ಆದರೆ ಆ ಹಾಳೆಯು ಎಂಜಿನ್ನು ನಮಗೆ ಏನು ಕೊಡುತ್ತದೆಂಬುದನ್ನು ಹೇಳುವುದೇ ಹೊರತು, ನಮ್ಮಿಂದ ಏನನ್ನು ಕೇಳುತ್ತದೆಂಬುದನ್ನು ಹೇಳುವುದಿಲ್ಲ. ಈ ಎರಡನೆಯದನ್ನು ಅಡಗಿಸುವುದು ತಪ್ಪೆಂಬುದು ನನ್ನ ಅಭಿಪ್ರಾಯ; ಅದಕ್ಕೆ ಕಾರಣಗಳನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮಾತು ಗಾಳಿಯಲ್ಲಿ ತೇಲಬಾರದಾದುದರಿಂದ ಒಂದು ನಿಜವಾದ ಎಂಜಿನ್ನನ್ನೇ ತೆಗೆದುಕೊಳ್ಳೋಣ. ಫೋರ್ಡ್ ಕಂಪನಿಯವರು 2012ರಲ್ಲಿ ಯೂರೋಪಿನ ಮಾರುಕಟ್ಟೆಗೆ ತಂದ ಒಂದು ಲೀಟರಿನ ಇಕೋಬೂಸ್ಟ್ ಎಂಜಿನ್ನು ಈ ಜಾತಿಯ ಒಳ್ಳೆಯ ಮಾದರಿ. ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದ ಡಂಟನ್ನಿನಲ್ಲಿರುವ ಎಂಜಿನಿಯರುಗಳು ಇದನ್ನು ರೂಪಿಸಿದರು. ಜರ್ಮನಿಯ ಕಲೋನಿನಲ್ಲೂ ರುಮಾನಿಯಾದ ಕ್ರಯೋವಾದಲ್ಲೂ ಇದು ತಯಾರಾಯಿತು. ನಮ್ಮ ದೇಶಕ್ಕೆ ಅದು 2013ರಲ್ಲಿ ಇಕೋಸ್ಪೋರ್ಟ್ ಎಂಬ ಕಾರಿನ ಮೂತಿಯಲ್ಲಿ ಕುಳಿತು ಬಂದಿತು. ಇದರಲ್ಲಿರುವುದು ಮೂರೇ ಸಿಲಿಂಡರುಗಳು. ಒಂದೊಂದರ ವ್ಯಾಸ 71.9 ಮಿಲಿಮೀಟರು, ಪಿಸ್ಟನ್ನು ಮೇಲೆ ಕೆಳಗೆ ಸಂಚರಿಸುವ ದೂರ 82 ಮಿಲಿಮೀಟರು. ಈ ಎರಡು ಅಂಕಿಗಳಿಂದ ಒಟ್ಟು ಗಾತ್ರವನ್ನು ಲೆಕ್ಕಹಾಕುವುದು ಪ್ರೌಢಶಾಲೆಯ ವಿದ್ಯಾರ್ಥಿಗೂ ಕಷ್ಟವಲ್ಲ: 999 ಘನ ಸೆಂಟಿಮೀಟರು. ಎಂಜಿನ್ನಿನ ಎರಕದ ಮೈಯನ್ನು ನೆಟ್ಟಗೆ ನಿಲ್ಲಿಸಿದರೆ ನಾವು ಪತ್ರ ಬರೆಯುವ ಎ-4 ಅಳತೆಯ ಒಂದು ಕಾಗದದ ಮೇಲೆ ಅದು ನಿಲ್ಲುತ್ತದೆಂದು ಕಂಪನಿಯವರು ಹೆಮ್ಮೆಯಿಂದ ಹೇಳಿಕೊಂಡರು. ಅದರಿಂದ ಹೊರಡುವ ಶಕ್ತಿಯೋ, ಮಾದರಿಗೆ ತಕ್ಕಂತೆ 100 ಅಥವಾ 125 ಅಶ್ವಶಕ್ತಿ. 2014ರಲ್ಲಿ 140 ಅಶ್ವಶಕ್ತಿಯ ಮಾದರಿಯೂ ಬಂದಿತು. 2012, 2013, 2014, ಹೀಗೆ ಸತತ ಮೂರು ವರ್ಷ ಅದಕ್ಕೆ ಅಂತರರಾಷ್ಟ್ರೀಯ ವರ್ಷದ ಎಂಜಿನ್ ಪ್ರಶಸ್ತಿ ದೊರೆಯಿತು. ಪ್ರಶಸ್ತಿಯನ್ನು ಕೊಟ್ಟವರು ತಪ್ಪು ಮಾಡಿದರೆಂದು ನಾನು ಹೇಳುವುದಿಲ್ಲ. ಹೊಸ ಎಂಜಿನ್ನನ್ನು ನೋಡಿ ಕೊಡುವ ಪ್ರಶಸ್ತಿಗೆ ಹತ್ತು ವರ್ಷದ ಹಳೆಯ ಎಂಜಿನ್ನು ಹೇಗಿರುವುದೆಂದು ಗೊತ್ತಿರುವುದಿಲ್ಲ, ಅಷ್ಟೆ.

ಇಷ್ಟು ಸಣ್ಣ ಯಂತ್ರದಿಂದ ಇಷ್ಟು ಬಲ ಹೇಗೆ ಬಂದಿತು? ಪೆಟ್ರೋಲು ತಾನಾಗಿ ಉರಿಯುವುದಿಲ್ಲ; ಒಂದು ಪಾಲು ಪೆಟ್ರೋಲು ಪೂರ್ತಿಯಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲನ್ನು ಎಷ್ಟಾದರೂ ಸುರಿಯಬಹುದು, ಗಾಳಿಯದೇ ಕೊರತೆ. ಸಾಧಾರಣ ಎಂಜಿನ್ನು ಪಿಸ್ಟನ್ನನ್ನು ಕೆಳಗೆಳೆದು, ನಾವು ಉಸಿರೆಳೆದುಕೊಳ್ಳುವಂತೆ, ಹೊರಗಿನ ಗಾಳಿಯನ್ನು ಒಳಕ್ಕೆ ಹೀರುತ್ತದೆ. ಸಿಲಿಂಡರಿನ ಗಾತ್ರಕ್ಕೆ ಮೀರಿದ ಗಾಳಿ ಅದಕ್ಕೆ ದಕ್ಕದು. ಟರ್ಬೋಚಾರ್ಜರು ಎಂಬುದು ಈ ಮಿತಿಯನ್ನು ಮುರಿಯುವ ಉಪಕರಣ. ಎಂಜಿನ್ನಿನಿಂದ ಹೊರಬೀಳುವ ಬಿಸಿ ಹೊಗೆಯ ದಾರಿಯಲ್ಲಿ ಒಂದು ಪುಟ್ಟ ಚಕ್ರವನ್ನಿಟ್ಟು, ಅದೇ ದಂಡದ ಇನ್ನೊಂದು ತುದಿಗೆ ಮತ್ತೊಂದು ಚಕ್ರವನ್ನು ಜೋಡಿಸಿದ್ದಾರೆ. ಹೊಗೆ ಮೊದಲನೆಯದನ್ನು ತಿರುಗಿಸುತ್ತದೆ. ಎರಡನೆಯದು ಹೊರಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಇಲ್ಲದಿದ್ದರೆ ಹಾಳಾಗಿ ಹೋಗುತ್ತಿದ್ದ ಶಕ್ತಿಯನ್ನೇ ಕೂಲಿಗೆ ಹಚ್ಚಿದಂತಾಯಿತು.

ಈ ಉಪಾಯ ಇಂದು ನೆನ್ನೆಯದಲ್ಲ. ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಕಿ ಎಂಬಾತ ಇದಕ್ಕೆ 1905ರಷ್ಟು ಹಿಂದೆಯೇ ಪೇಟೆಂಟು ಪಡೆದಿದ್ದನು. 1918ರಲ್ಲಿ ಅಮೆರಿಕದ ಸ್ಯಾನ್‌ಫರ್ಡ್ ಮಾಸ್ ಎಂಬವನು ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿಯಲ್ಲಿ ಹೇರಿಸಿಕೊಂಡು, ಕೊಲೊರಾಡೊ ಸೀಮೆಯ ಪೈಕ್ಸ್ ಪೀಕ್ ಎಂಬ ಸುಮಾರು 14,100 ಅಡಿ ಎತ್ತರದ ಬೆಟ್ಟದ ನೆತ್ತಿಗೆ ಹೋದನು. ತಗ್ಗಿನ ಪ್ರದೇಶದಲ್ಲಿ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಆ ಎಂಜಿನ್ನು ಬೆಟ್ಟದ ತೆಳುಗಾಳಿಯಲ್ಲಿ 230ಕ್ಕೆ ಇಳಿಯಿತು. ಟರ್ಬೋ ಜೋಡಿಸಿದೊಡನೆ ಮರಳಿ 350ನ್ನು ಮುಟ್ಟಿತು. ಈ ಪ್ರಯೋಗದ ಅರ್ಥ ನಮ್ಮ ಬೆಂಗಳೂರಿನವರಿಗೆ ಬೇಗನೆ ತಿಳಿಯಬೇಕು. ಆ ನಗರವಿರುವುದು ಸಮುದ್ರಮಟ್ಟದಿಂದ ಸುಮಾರು 920 ಮೀಟರು ಮೇಲೆ. ಅಲ್ಲಿನ ವಾಯುಭಾರ ಮಂಗಳೂರಿನದಕ್ಕಿಂತ ಸುಮಾರು ಹತ್ತನೆಯ ಒಂದು ಪಾಲು ಕಡಮೆ. ಸಾಧಾರಣ ಎಂಜಿನ್ನಿನ ಕಾರು ಶಿರಾಡಿ ಘಾಟಿಯನ್ನು ಹತ್ತಿ ಬೆಂಗಳೂರಿಗೆ ಬಂದರೆ ತನ್ನ ಬಲದಲ್ಲಿ ಅಷ್ಟನ್ನು ಕಳೆದುಕೊಂಡೇ ಬರುತ್ತದೆ. ಟರ್ಬೋ ಇದ್ದುದು ತನ್ನ ಚಕ್ರವನ್ನು ಇನ್ನಷ್ಟು ಜೋರಾಗಿ ತಿರುಗಿಸಿ ಆ ಕೊರತೆಯನ್ನು ತುಂಬಿಕೊಳ್ಳುತ್ತದೆ. ಪ್ರಸ್ಥಭೂಮಿಯವರಾದ ನಮಗೆ ಇದು ಕಡಮೆ ಉಪಕಾರವಲ್ಲ.

ಉಪಕಾರವನ್ನು ಹೇಳಿದ ಮೇಲೆ ಹೊರೆಯನ್ನೂ ಹೇಳಬೇಕು. ಪದವಿ ತರಗತಿಯ ವಿದ್ಯಾರ್ಥಿಗಳು ಕಾಗದ ಪೆನ್ಸಿಲನ್ನು ಹತ್ತಿರವಿಟ್ಟುಕೊಳ್ಳಲಿ. ಈ ಎಂಜಿನ್ನಿನ ಟಾರ್ಕು, ಅಂದರೆ ದಂಡವನ್ನು ತಿರುಗಿಸುವ ಬಲ, 170 ನ್ಯೂಟನ್ ಮೀಟರು. ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಎರಡು ಸುತ್ತಿಗೆ ಒಂದು ಆವರ್ತನೆ ಮುಗಿಯುತ್ತದೆ. ಎರಡು ಸುತ್ತೆಂದರೆ 4π ರೇಡಿಯನ್ನುಗಳು. 170ನ್ನು ಅದರಿಂದ ಗುಣಿಸಿದರೆ ಒಂದು ಆವರ್ತನೆಯಲ್ಲಿ ನಡೆದ ಕೆಲಸ ಸುಮಾರು 2,136 ಜೂಲುಗಳೆಂದಾಗುತ್ತದೆ. ಇದನ್ನು ಎಂಜಿನ್ನಿನ ಗಾತ್ರದಿಂದ ಭಾಗಿಸಿದರೆ ದೊರೆಯುವುದು 21 ಲಕ್ಷ ಪಾಸ್ಕಲ್, ಎಂದರೆ ವಾಯುಮಂಡಲದ ಒತ್ತಡದ ಸುಮಾರು ಇಪ್ಪತ್ತೊಂದು ಪಟ್ಟು. ಇದಕ್ಕೆ ಸರಾಸರಿ ಪರಿಣಾಮಕಾರಿ ಒತ್ತಡವೆಂದು ಹೆಸರು. ತಾನೇ ಗಾಳಿಯನ್ನು ಹೀರುವ ಒಳ್ಳೆಯ ಪೆಟ್ರೋಲ್ ಎಂಜಿನ್ನಿನಲ್ಲಿ ಇದು ಹನ್ನೆರಡು ಪಟ್ಟಿನ ಸುಮಾರಿಗೆ ನಿಲ್ಲುತ್ತದೆ. ಹಾಳೆಯಲ್ಲಿ ಈ ಅಂಕಿಯನ್ನು ಯಾರೂ ಅಚ್ಚು ಮಾಡುವುದಿಲ್ಲ. ಆದರೆ ಎಂಜಿನ್ನಿನ ಬಾಳಿನ ಗುಟ್ಟೆಲ್ಲ ಇದರಲ್ಲಿದೆ. ಪಿಸ್ಟನ್ನು, ಅದರ ಉಂಗುರಗಳು, ಬೇರಿಂಗುಗಳು, ಸಿಲಿಂಡರಿನ ತಲೆಯನ್ನು ಮೈಗೆ ಬಿಗಿಯುವ ಮೊಳೆಗಳು, ಇವೆಲ್ಲವೂ ಹಳೆಯ ಎಂಜಿನ್ನಿನಲ್ಲಿ ಹೊರುತ್ತಿದ್ದುದಕ್ಕಿಂತ ಹೆಚ್ಚುಕಡಮೆ ಒಂದೂಮುಕ್ಕಾಲರಷ್ಟು ಭಾರವನ್ನು ಇಲ್ಲಿ ಹೊರುತ್ತವೆ.

ಒತ್ತಡದ ಜೊತೆಗೆ ಉಷ್ಣ. ಸೈಕಲ್ ಪಂಪನ್ನು ಒತ್ತಿದವರೆಲ್ಲರಿಗೂ ಒತ್ತಿದ ಗಾಳಿ ಬಿಸಿಯಾಗುವುದು ಗೊತ್ತು. 27 ಡಿಗ್ರಿ ಸೆಂಟಿಗ್ರೇಡಿನ ಗಾಳಿಯನ್ನು ಎರಡರಷ್ಟು ಒತ್ತಡಕ್ಕೆ ಏರಿಸಿದರೆ ಅದು ಶಾಸ್ತ್ರದ ಪ್ರಕಾರ 93 ಡಿಗ್ರಿಗೆ ಏರಬೇಕು. ಚಕ್ರದಲ್ಲಾಗುವ ನಷ್ಟವನ್ನು ಸೇರಿಸಿದರೆ ನಿಜದಲ್ಲಿ 120 ಡಿಗ್ರಿಯನ್ನೂ ಮುಟ್ಟುತ್ತದೆ. ಇಂತಹ ಗಾಳಿಯನ್ನು ಹಾಗೆಯೇ ಸಿಲಿಂಡರಿಗೆ ಬಿಟ್ಟರೆ ಪೆಟ್ರೋಲು ಕಿಡಿಯಿಂದ ಹಬ್ಬುವ ಜ್ವಾಲೆಯನ್ನು ಕಾಯದೆ ತಾನಾಗಿ ಹೊತ್ತಿಕೊಳ್ಳುತ್ತದೆ. ಮೆಕ್ಯಾನಿಕರು ನಾಕಿಂಗ್ ಎನ್ನುವ ಆ ಕಟಕಟ ಸದ್ದು ಇದರದೇ. ಆದುದರಿಂದ ದಾರಿಯಲ್ಲಿ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಎಂಬ ಇನ್ನೊಂದು ರೇಡಿಯೇಟರು ಬೇಕಾಯಿತು. ಹೊಗೆಯ ಕಡೆಯಲ್ಲಾದರೋ, ಪೂರ್ಣ ಹೊರೆಯಲ್ಲಿ ಉಷ್ಣತೆ 900 ಡಿಗ್ರಿಯನ್ನು ದಾಟುತ್ತದೆ. ಟರ್ಬೋವಿನ ಚಕ್ರ ಈ ಬೆಂಕಿಯಲ್ಲಿ ನಿಮಿಷಕ್ಕೆ 2,48,000 ಸುತ್ತುಗಳವರೆಗೆ ತಿರುಗುತ್ತದೆ. ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಸುತ್ತು! ಚಕ್ರದ ವ್ಯಾಸ ಮೂರೂವರೆ ಸೆಂಟಿಮೀಟರೆಂದು ಹಿಡಿದರೂ ಅದರ ಅಂಚು ಸೆಕೆಂಡಿಗೆ 450 ಮೀಟರು ಓಡುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸುಮಾರು 345 ಮೀಟರೆಂಬುದನ್ನು ನೆನೆದರೆ ಇದರ ಗಹನತೆ ಅರಿವಾದೀತು. ಇಷ್ಟು ಜೋರಾಗಿ ತಿರುಗುವ ದಂಡವನ್ನು ಹಿಡಿದಿಟ್ಟಿರುವುದು ಕೂದಲಿಗಿಂತ ತೆಳುವಾದ ಎಣ್ಣೆಯ ಪೊರೆ. ಎಣ್ಣೆಯ ಒತ್ತಡ ಕೆಲವೇ ಸೆಕೆಂಡುಗಳ ಕಾಲ ತಪ್ಪಿದರೂ ಕೆಲಸ ಕೆಟ್ಟಿತು.

ಇವೆಲ್ಲವನ್ನೂ ವಿನ್ಯಾಸಕಾರರು ಅರಿಯದವರಲ್ಲ. ಹೊಗೆಯ ಕೊಳವೆಗಳನ್ನು ಸಿಲಿಂಡರಿನ ತಲೆಯೊಳಗೇ ಎರಕಹೊಯ್ದು, ನೀರು ಅವುಗಳ ಸುತ್ತ ಹರಿಯುವಂತೆ ಮಾಡಿದರು. ಎಲ್ಲರೂ ಅಲ್ಯುಮಿನಿಯಮ್ಮಿಗೆ ಹೋಗುತ್ತಿದ್ದ ಕಾಲದಲ್ಲಿ ಇವರು ಎಂಜಿನ್ನಿನ ಮೈಗೆ ಎರಕದ ಕಬ್ಬಿಣವನ್ನೇ ಆರಿಸಿಕೊಂಡರು. ಅದು ಗಟ್ಟಿ, ಮತ್ತು ಬೆಳಗ್ಗೆ ಬೇಗ ಬಿಸಿಯಾಗುತ್ತದೆ. ಮೂರು ಸಿಲಿಂಡರಿನ ಎಂಜಿನ್ನಿಗೆ ಹುಟ್ಟುಗುಣವಾದ ಒಂದು ತೂಗಾಟವುಂಟು. 120 ಡಿಗ್ರಿಗಳ ಅಂತರದಲ್ಲಿರುವ ಮೂರು ಪಿಸ್ಟನ್ನುಗಳ ಬಲಗಳು ಒಂದನ್ನೊಂದು ಕಳೆದುಕೊಂಡರೂ, ಅವು ಒಂದೇ ಬಿಂದುವಿನಲ್ಲಿಲ್ಲವಾದ ಕಾರಣ ಎಂಜಿನ್ನು ಏತದ ಮರದಂತೆ ತುದಿಯಿಂದ ತುದಿಗೆ ಓಲಾಡುತ್ತದೆ. ಇದನ್ನು ನಿಲ್ಲಿಸಲು ಇನ್ನೊಂದು ದಂಡವನ್ನು ತಿರುಗಿಸುವುದು ವಾಡಿಕೆ. ಫೋರ್ಡಿನವರು ಹಾಗೆ ಮಾಡದೆ, ಗತಿಚಕ್ರವನ್ನೂ ಮುಂಬದಿಯ ಗಾಲಿಯನ್ನೂ ಬೇಕೆಂದೇ ತೂಕತಪ್ಪಿಸಿ ಮಾಡಿ, ಓಲಾಟವನ್ನು ಕಾರಿನೊಳಗಿದ್ದವರಿಗೆ ಅಷ್ಟಾಗಿ ತಟ್ಟದ ದಿಕ್ಕಿಗೆ ತಿರುಗಿಸಿದರು. ತಪ್ಪನ್ನು ತಪ್ಪಿನಿಂದಲೇ ತಿದ್ದಿದ ಈ ಜಾಣ್ಮೆಯನ್ನು ಮೆಚ್ಚದಿರಲು ನನ್ನಿಂದಾಗದು.

ಹಾಗಾದರೆ ತೊಂದರೆ ಎಲ್ಲಿ ಬಂದಿತು? ದೊಡ್ಡ ಸಂಗತಿಗಳಲ್ಲಿ ಅಲ್ಲ. ಶಬ್ದವೇಗವನ್ನು ಮೀರಿದ ಚಕ್ರ ಬಾಳಿತು. ಕೈಕೊಟ್ಟದ್ದು ಅಗ್ಗದ ಕೊಳವೆ ಮತ್ತು ರಬ್ಬರಿನ ಪಟ್ಟಿ.

ಮೊದಲ ವರ್ಷಗಳ ಕಾರುಗಳಲ್ಲಿ ರೇಡಿಯೇಟರಿನ ನೀರಿನ ಡಬ್ಬಿಗೆ ಹೋಗುವ ಒಂದು ನೈಲಾನ್ ಕೊಳವೆಯಿತ್ತು. ಅದು ಬಿಸಿಗೆ ಪೆಡಸಾಗಿ ಬಿರಿಯುತ್ತಿತ್ತು. ನೀರು ಸೋರಿಹೋದರೆ ಸಣ್ಣ ಎಂಜಿನ್ನಿಗೆ ತಡೆದುಕೊಳ್ಳುವ ಶಕ್ತಿಯೇ ಇಲ್ಲ. ಹೊರೆ ಹೆಚ್ಚು, ಒಳಗಿನ ನೀರು ಕಡಮೆ. ಚಾಲಕನಿಗೆ ಎಚ್ಚರಿಕೆ ತಲಪುವ ಹೊತ್ತಿಗೆ ಸಿಲಿಂಡರಿನ ತಲೆ ಸೊಟ್ಟಗಾಗಿರುವುದು. ಕಂಪನಿಯವರು ಮುಂದೆ ಕೊಳವೆಯನ್ನು ಬದಲಾಯಿಸಿದರು. ಇದನ್ನು ಆರಂಭದ ಎಡವಟ್ಟೆಂದು ಕ್ಷಮಿಸಬಹುದು. ಪಟ್ಟಿಯ ಕಥೆ ಹಾಗಲ್ಲ.

ಕ್ರ್ಯಾಂಕ್ ದಂಡದ ತಿರುಗುವಿಕೆಯನ್ನು ಕವಾಟಗಳನ್ನು ತೆರೆಯುವ ಕ್ಯಾಮ್ ದಂಡಕ್ಕೆ ಮುಟ್ಟಿಸಲು ಎರಡು ಬಗೆಗಳುಂಟು. ಒಂದು ಉಕ್ಕಿನ ಸರಪಣಿ. ಅದು ಎಣ್ಣೆಯಲ್ಲಿ ಓಡುತ್ತದೆ. ಇನ್ನೊಂದು ಹಲ್ಲುಳ್ಳ ರಬ್ಬರಿನ ಬೆಲ್ಟು. ಅದು ಎಂಜಿನ್ನಿನ ಹೊರಗೆ ಒಣಗಾಳಿಯಲ್ಲಿ ಓಡುತ್ತದೆ. ರಬ್ಬರಿಗೂ ಎಣ್ಣೆಗೂ ಆಗಿಬರದೆಂಬುದು ಗ್ಯಾರೇಜಿನ ಹುಡುಗನಿಗೂ ಗೊತ್ತಿದ್ದ ವಿಷಯ. ಒಣಬೆಲ್ಟಿಗೆ ಎಣ್ಣೆ ತಗಲಿದರೆ ಅದನ್ನು ಬಿಚ್ಚಿ ಬಿಸುಡುವುದೇ ರೂಢಿ. ಈ ಎಂಜಿನ್ನಿನಲ್ಲಿ ಇವೆರಡನ್ನೂ ಕೂಡಿಸಿದರು. ಎಣ್ಣೆಯನ್ನು ತಾಳುವ ವಿಶೇಷ ರಬ್ಬರಿನಿಂದ ಬೆಲ್ಟು ಮಾಡಿ ಅದನ್ನು ಎಂಜಿನ್ನಿನ ಒಳಗೆ ಬಿಸಿ ಎಣ್ಣೆಯಲ್ಲೇ ಓಡಿಸಿದರು. ಸರಪಣಿಗಿಂತ ಘರ್ಷಣೆ ಕಡಮೆ, ಸದ್ದು ಕಡಮೆ, ಎಂಜಿನ್ನಿನ ಉದ್ದವೂ ಕಡಮೆ. ಎಣ್ಣೆ ಪಂಪನ್ನು ತಿರುಗಿಸಲೂ ಒಂದು ಸಣ್ಣ ಬೆಲ್ಟನ್ನೇ ಹಾಕಿದರು. ಹತ್ತು ವರ್ಷದಷ್ಟು ದೀರ್ಘವಾದ ಬಾಳನ್ನು ಇದಕ್ಕೆ ಕಟ್ಟಿದರು.

ಪ್ರಯೋಗಾಲಯದ ಎಣ್ಣೆಯಲ್ಲಿ ಆ ಲೆಕ್ಕ ಸರಿಯಾಗಿದ್ದಿರಬೇಕು. ರಸ್ತೆಯ ಮೇಲಿನ ಎಣ್ಣೆ ಬೇರೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಎಂಜಿನ್ನುಗಳಲ್ಲಿ, ಅದರಲ್ಲಿಯೂ ತಣ್ಣಗಿರುವಾಗ ಚಾಲೂ ಮಾಡಿ ಎರಡು ಮೈಲಿ ಓಡಿಸಿ ನಿಲ್ಲಿಸುವವರ ಕಾರುಗಳಲ್ಲಿ, ಸ್ವಲ್ಪ ಪೆಟ್ರೋಲು ಉರಿಯದೆ ಸಿಲಿಂಡರಿನ ಗೋಡೆಯಿಂದ ಇಳಿದು ಎಣ್ಣೆಯ ತೊಟ್ಟಿಯನ್ನು ಸೇರುತ್ತದೆ. ಪೆಟ್ರೋಲು ಬೆರೆತ ಎಣ್ಣೆ ರಬ್ಬರನ್ನು ಊದಿಸುತ್ತದೆ, ಮೆತ್ತಗೆ ಮಾಡುತ್ತದೆ. ಕಂಪನಿ ವಿಧಿಸಿದ ಎಣ್ಣೆಯ ಬದಲು ಕೈಗೆ ಸಿಕ್ಕ ಎಣ್ಣೆಯನ್ನು ಹೊಯ್ದರಂತೂ ಕೇಡು ಇನ್ನೂ ಬೇಗ. ಬೆಲ್ಟಿನ ಮೈ ಸಣ್ಣಸಣ್ಣ ಚೂರುಗಳಾಗಿ ಉದುರಿ ತೊಟ್ಟಿಯ ತಳದಲ್ಲಿರುವ ಸೋಸುಬಲೆಗೆ ಅಂಟಿಕೊಳ್ಳುತ್ತದೆ. ಪಂಪಿಗೆ ಎಣ್ಣೆ ಬಾರದು, ಒತ್ತಡ ಕುಸಿಯುತ್ತದೆ. ಆ ಕೂದಲೆಳೆಯ ಎಣ್ಣೆಯ ಪೊರೆಯನ್ನು ನೆಚ್ಚಿ ತಿರುಗುತ್ತಿದ್ದ ಟರ್ಬೋ ಮೊದಲು ಸಾಯುತ್ತದೆ. ಅದರ ಹಿಂದೆಯೇ ಕ್ರ್ಯಾಂಕಿನ ಬೇರಿಂಗುಗಳು. ಬೆಲ್ಟು ಹರಿದರೆ ಎಂಜಿನ್ನು ಕೆಡುವುದೆಂದು ಜನ ಅಂದುಕೊಂಡಿದ್ದಾರೆ. ಇಲ್ಲಿ ಬೆಲ್ಟು ಹರಿಯಬೇಕಾದ ಅಗತ್ಯವೇ ಇಲ್ಲ, ಸವೆದರೆ ಸಾಕು.

2023ರ ಡಿಸೆಂಬರಿನಲ್ಲಿ ಫೋರ್ಡ್ ಕಂಪನಿಯವರು ಅಮೆರಿಕದಲ್ಲಿ ಈ ಎಂಜಿನ್ನುಳ್ಳ ಸುಮಾರು 1,40,000 ಫೋಕಸ್ ಮತ್ತು ಇಕೋಸ್ಪೋರ್ಟ್ ಕಾರುಗಳನ್ನು ದುರಸ್ತಿಗೆಂದು ಹಿಂದಕ್ಕೆ ಕರೆದರು. ಕಾರಣ ಎಣ್ಣೆ ಪಂಪಿನ ಬೆಲ್ಟು ಮತ್ತು ಅದನ್ನು ಬಿಗಿಹಿಡಿಯುವ ತೋಳು. ಅಲ್ಲಿ ಮಾರಿದ ಇಕೋಸ್ಪೋರ್ಟುಗಳು ನಮ್ಮ ನೆರೆಯ ಚೆನ್ನೈ ಬಳಿಯ ಮರೈಮಲೈನಗರದಲ್ಲಿ ಜೋಡಣೆಯಾದವೆಂಬುದು ಇಲ್ಲಿ ಸ್ಮರಣೀಯ. ಮುಂದಿನ ಆವೃತ್ತಿಗಳಲ್ಲಿ ಕ್ಯಾಮ್ ದಂಡಕ್ಕೆ ಸರಪಣಿಯೇ ಮರಳಿ ಬಂದಿತು. ಎಣ್ಣೆ ಪಂಪಿಗೆ ಮಾತ್ರ ಬೆಲ್ಟು ಉಳಿಯಿತು. ಈ ದಾರಿಯನ್ನು ಹಿಡಿದವರು ಫೋರ್ಡಿನವರು ಒಬ್ಬರೇ ಅಲ್ಲ. ಫ್ರಾನ್ಸಿನ ಪ್ಯೂಜೊ-ಸಿಟ್ರೋಯೆನ್ ಸಂಸ್ಥೆಯ 1.2 ಲೀಟರಿನ ಪ್ಯೂರ್‌ಟೆಕ್ ಎಂಜಿನ್ನಿನಲ್ಲಿಯೂ ಇದೇ ಒದ್ದೆಬೆಲ್ಟು, ಇದೇ ಚೂರುಗಳು. ಅದಕ್ಕೂ ತನ್ನ ವರ್ಗದಲ್ಲಿ 2015ರಿಂದ ನಾಲ್ಕು ವರ್ಷ ಪ್ರಶಸ್ತಿ ಬಂದಿತ್ತು! 2024ರಲ್ಲಿ ಆ ಸಂಸ್ಥೆಯ ಈಗಿನ ಒಡೆಯರು ಯೂರೋಪಿನ ಗಿರಾಕಿಗಳಿಗೆ ಹತ್ತು ವರ್ಷ ಅಥವಾ 1,75,000 ಕಿಲೋಮೀಟರುಗಳ ಹೊಣೆಯನ್ನು ವಹಿಸಿಕೊಳ್ಳಬೇಕಾಯಿತು.

ಸಣ್ಣ ಟರ್ಬೋ ಎಂಜಿನ್ನುಗಳೆಲ್ಲಕ್ಕೂ ಸಾಮಾನ್ಯವಾದ ಇನ್ನೆರಡು ರೋಗಗಳನ್ನು ಚುಟುಕಾಗಿ ಹೇಳಿಬಿಡುತ್ತೇನೆ. ನೇರ ಚಿಮ್ಮಿಕೆಯ ಎಂಜಿನ್ನಿನಲ್ಲಿ ಒಳಬರುವ ಕವಾಟದ ಹಿಂಬದಿಯನ್ನು ಪೆಟ್ರೋಲು ತೊಳೆಯುವುದಿಲ್ಲವಾಗಿ ಅಲ್ಲಿ ಮಸಿ ಕಟ್ಟುತ್ತದೆ. ಎರಡನೆಯದು ಹೆಚ್ಚು ಅಪಾಯದ್ದು. ನಿಧಾನವಾಗಿ ತಿರುಗುತ್ತಿರುವ ಎಂಜಿನ್ನನ್ನು ಮೇಲಿನ ಗಿಯರಿನಲ್ಲೇ ಒತ್ತಿ ಏರಿಗೆ ಹತ್ತಿಸಿದರೆ, ಎಣ್ಣೆಯ ಹನಿಯೊಂದು ಕಿಡಿಗೆ ಮೊದಲೇ ಹೊತ್ತಿಕೊಂಡು ಒತ್ತಡವನ್ನು ಮಿತಿಮೀರಿ ಏರಿಸಿಬಿಡಬಹುದು. ಪಿಸ್ಟನ್ನಿನ ಉಂಗುರಗಳ ನಡುವಣ ಅಂಚುಗಳು ಇದರಿಂದ ಮುರಿದದ್ದುಂಟು. ಎಣ್ಣೆಯಲ್ಲಿ ಬೆರೆಸುವ ಕ್ಯಾಲ್ಸಿಯಮ್ ಲವಣಗಳು ಇದಕ್ಕೆ ಪ್ರೇರಕವೆಂದು ಕಂಡುಬಂದ ಮೇಲೆ ಅಮೆರಿಕದ ಪೆಟ್ರೋಲಿಯಮ್ ಸಂಸ್ಥೆ 2018ರಲ್ಲಿ ಎಸ್‌ಎನ್ ಪ್ಲಸ್, 2020ರಲ್ಲಿ ಎಸ್‌ಪಿ ಎಂಬ ಹೊಸ ಎಣ್ಣೆಯ ದರ್ಜೆಗಳನ್ನು ಗೊತ್ತುಮಾಡಿತು. ಎಣ್ಣೆಯ ಡಬ್ಬಿಯ ಮೇಲಿನ ಎರಡಕ್ಷರಕ್ಕೆ ಈಗ ಇಷ್ಟು ಬೆಲೆ.

ಇದೆಲ್ಲ ಹೊಸದೆಂದು ಯಾರೂ ತಿಳಿಯಬೇಕಾದುದಿಲ್ಲ. 1962ರಲ್ಲಿ ಅಮೆರಿಕದ ಓಲ್ಡ್ಸ್‌ಮೊಬೈಲ್ ಕಂಪನಿ ಜೆಟ್‌ಫೈರ್ ಎಂಬ ಟರ್ಬೋ ಕಾರನ್ನು ಮಾರಾಟಕ್ಕೆ ತಂದಿತು. ಮೂರೂವರೆ ಲೀಟರಿನ ಎಂಜಿನ್ನಿಗೆ 215 ಅಶ್ವಶಕ್ತಿ. ನಾಕಿಂಗನ್ನು ತಡೆಯಲು ನೀರು ಮತ್ತು ಮೆಥನಾಲ್ ಬೆರೆಸಿದ ದ್ರವವನ್ನು ಎಂಜಿನ್ನಿಗೆ ಚಿಮುಕಿಸುವ ಏರ್ಪಾಡಿತ್ತು. ದ್ರವ ಮುಗಿದರೆ ಮತ್ತೆ ತುಂಬುವುದು ಮಾಲೀಕನ ಕೆಲಸ. ಮಾಲೀಕರು ತುಂಬಲಿಲ್ಲ. ಕಾರು ಬಲಗುಂದಿತೆಂದು ದೂರಿದರು. ಎರಡು ವರ್ಷಗಳಲ್ಲಿ ಹತ್ತು ಸಾವಿರಕ್ಕೂ ಕಡಮೆ ಕಾರುಗಳು ಮಾರಾಟವಾಗಿ ತಯಾರಿಕೆ ನಿಂತಿತು. ಎಷ್ಟೋ ಕಾರುಗಳಿಂದ ಟರ್ಬೋವನ್ನೇ ಕಿತ್ತು ಸಾದಾ ಕಾರ್ಬುರೇಟರನ್ನು ಕೂಡಿಸಿದರು. ಜನರು ಸೋಮಾರಿಗಳೆಂದು ಎಂಜಿನಿಯರುಗಳು ಆಗ ಅಂದುಕೊಂಡಿರಬಹುದು. ನನ್ನ ಮಟ್ಟಿಗೆ, ಬಳಸುವವನ ಮರೆವನ್ನು ಲೆಕ್ಕಕ್ಕೆ ಹಿಡಿಯದ ವಿನ್ಯಾಸ ಪೂರ್ತಿಯಾದ ವಿನ್ಯಾಸವಲ್ಲ. ಸೇತುವೆಯ ಮೇಲೆ ಅಳತೆಮೀರಿದ ಭಾರದ ಲಾರಿ ಬರುವುದೆಂದು ತಿಳಿದೇ ಅದನ್ನು ಕಟ್ಟುವುದಿಲ್ಲವೆ?

ಹಾಗಿದ್ದರೂ ಎಲ್ಲರೂ ಈ ದಾರಿಗೆ ಏಕೆ ಬಿದ್ದರು? ಪೆಟ್ರೋಲಿನ ಉಳಿತಾಯ ಒಂದು ಕಾರಣ. ಅದು ನಿಜವಾದ ಕಾರಣವೂ ಹೌದು. ಸಣ್ಣ ಎಂಜಿನ್ನಿನಲ್ಲಿ ಉಜ್ಜುವ ಭಾಗಗಳು ಕಡಮೆ. ಹಗುರಾಗಿ ಓಡಿಸುವಾಗ ನಷ್ಟ ಕಡಮೆ. ಆದರೆ ಆ ಉಳಿತಾಯ ಕಾಣುವುದು ಹಗುರಾಗಿ ಓಡಿಸುವಾಗ ಮಾತ್ರ. ಬಲವನ್ನು ಬಳಸಿದೊಡನೆ ಅದರ ಹೊಟ್ಟೆ ದೊಡ್ಡ ಎಂಜಿನ್ನಿನದೇ. ಯೂರೋಪಿನಲ್ಲಿ 2017ರವರೆಗೆ ಇದ್ದ ಮೈಲೇಜು ಪರೀಕ್ಷೆಯಲ್ಲಿ ವೇಗವನ್ನು ಏರಿಸುತ್ತಿದ್ದುದು ತೀರ ಮೆಲ್ಲಗೆ. ಅದು ಇಂತಹ ಎಂಜಿನ್ನಿಗೆ ಹೇಳಿ ಮಾಡಿಸಿದಂತಿತ್ತು. ನಮ್ಮಲ್ಲಿ ಇಕೋಸ್ಪೋರ್ಟಿಗೆ ಪ್ರಮಾಣಿತವಾದ ಮೈಲೇಜು ಲೀಟರಿಗೆ 18.9 ಕಿಲೋಮೀಟರು. ಪೇಟೆಯ ದಟ್ಟಣೆಯಲ್ಲಿ ಓಡಿಸಿದವರು ಆ ಅಂಕಿಯನ್ನು ಹಾಳೆಯ ಮೇಲೆ ಕಂಡದ್ದಷ್ಟೆ.

ಇನ್ನೊಂದು ಕಾರಣ ಸುಂಕ. ನಮ್ಮ ಸರ್ಕಾರ 2006ರ ಮುಂಗಡಪತ್ರದಿಂದ ಈಚೆಗೆ, ನಾಲ್ಕು ಮೀಟರಿಗೆ ಮೀರದ ಉದ್ದವೂ 1200 ಘನ ಸೆಂಟಿಮೀಟರಿಗೆ ಮೀರದ ಪೆಟ್ರೋಲ್ ಎಂಜಿನ್ನೂ ಇರುವ ಕಾರನ್ನು ಸಣ್ಣದೆಂದು ಗಣಿಸಿ ರಿಯಾಯಿತಿ ಕೊಡುತ್ತ ಬಂದಿದೆ. 2025ರ ಸೆಪ್ಟೆಂಬರಿನಲ್ಲಿ ಸರಕು ಸೇವಾ ತೆರಿಗೆಯನ್ನು ಮಾರ್ಪಡಿಸಿದಾಗಲೂ ಇದೇ ಗೆರೆ ಉಳಿಯಿತು: ಗೆರೆಯ ಈಚೆಗೆ ಶೇಕಡ 18, ಆಚೆಗೆ 40. ಜಪಾನಿನಲ್ಲಿ 660 ಘನ ಸೆಂಟಿಮೀಟರಿನ ಪುಟ್ಟ ಕಾರುಗಳಿಗೂ ಇಂತಹುದೇ ಸವಲತ್ತಿದೆ. ಅವುಗಳಲ್ಲಿಯೂ ಎಷ್ಟೋ ಕಾರುಗಳಿಗೆ ಟರ್ಬೋ ಉಂಟು. ಕಾನೂನು ಪಾತ್ರೆಯನ್ನು ಅಳೆಯುತ್ತದೆ. ಅದರೊಳಗೆ ಎಷ್ಟು ಗಾಳಿಯನ್ನು ಅದುಮಿದ್ದಾರೆಂಬುದನ್ನು ಅಳೆಯುವುದಿಲ್ಲ. ಸೇರಿನಲ್ಲಿ ಅಕ್ಕಿಯನ್ನು ಕುಲುಕಿ ಕುಲುಕಿ ತುಂಬಿಸಿಕೊಳ್ಳುವ ಗಿರಾಕಿಯನ್ನು ಸಂತೆಯಲ್ಲಿ ಕಂಡವರಿಗೆ ಇದರ ಮರ್ಮ ಹೊಸತಲ್ಲ.

ಹೊಸ ಕಾರನ್ನು ಕೊಂಡವನು ನಾಲ್ಕೈದು ವರ್ಷಗಳಲ್ಲಿ ಅದನ್ನು ಮಾರಿಬಿಡುತ್ತಾನೆ. ಅವನಿಗೆ ಉಳಿತಾಯವೂ ಉಂಟು, ಓಟದ ಸೊಗಸೂ ಉಂಟು, ಕಂಪನಿಯ ಹೊಣೆಯೂ ಉಂಟು. ಬೆಲ್ಟು ಸವೆಯುವುದು ಆಮೇಲೆ. ನನ್ನ ಪರಿಚಿತರಾದ ಒಬ್ಬ ಉಪಾಧ್ಯಾಯರು ತಮ್ಮ ಉಳಿತಾಯದ ಹಣದಿಂದ ಎಂಟು ವರ್ಷದ ಹಳೆಯ ಟರ್ಬೋ ಕಾರೊಂದನ್ನು ಕೊಂಡರು. ಅದು ಮೇಲೆ ಹೆಸರಿಸಿದ ಯಾವ ಕಂಪನಿಯದೂ ಅಲ್ಲ, ಯಾರದಾದರೂ ನಮಗೇನು. ಮಗಳನ್ನು ಕಾಲೇಜಿಗೆ ಸೇರಿಸಲೆಂದು ಹೊರಟವರು ಚಾರ್ಮಾಡಿ ಘಾಟಿಯ ಅರ್ಧದಲ್ಲಿ ನಿಂತರು. ಎಣ್ಣೆಯ ಕೆಂಪು ದೀಪ ಹೊತ್ತಿಕೊಂಡಿತ್ತು. ಆಮೇಲೆ ಗ್ಯಾರೇಜಿನಲ್ಲಿ ತೊಟ್ಟಿಯನ್ನು ಬಿಚ್ಚಿದಾಗ ನಾನೂ ಜೊತೆಗಿದ್ದೆ. ಹಿಂದಿನ ಮಾಲೀಕ ಹೊಯ್ಯಿಸಿದ್ದ ಎಣ್ಣೆ ಯಾವುದೆಂದು ಯಾರಿಗೂ ತಿಳಿಯದು. ಸೋಸುಬಲೆಯ ಮೇಲೆ ಕರಿಯ ಲೋಳೆ ಬೆರಳು ದಪ್ಪ ಕಟ್ಟಿತ್ತು. ದುರಸ್ತಿಯ ಅಂದಾಜು ಕಾರಿನ ಬೆಲೆಯ ಮುಕ್ಕಾಲನ್ನು ಮೀರಿತು. ಉಪಾಧ್ಯಾಯರು ಪುಸ್ತಕದಲ್ಲಿ ಬರೆದಿರುವ ಎಣ್ಣೆಯನ್ನೇ ಕೇಳಿ ಹಾಕಿಸಬಹುದಾಗಿತ್ತೆಂದು ಮೆಕ್ಯಾನಿಕರು ಹೇಳಿದರು. ಕಾರಿನೊಡನೆ ಪುಸ್ತಕ ಬಂದಿರಲೇ ಇಲ್ಲ. "ನನ್ನ ಹಳೆಯ ಕಾರು ಯಾವ ಎಣ್ಣೆ ಹೊಯ್ದರೂ ಓಡುತ್ತಿತ್ತಲ್ಲ ಸ್ವಾಮಿ" ಎಂದಷ್ಟೇ ಉಪಾಧ್ಯಾಯರು ಹೇಳಿದರು. ಅವರ ಮಾತಿಗೆ ನಮ್ಮಲ್ಲಿ ಯಾರಿಂದಲೂ ಉತ್ತರ ಬರಲಿಲ್ಲ.

ಟರ್ಬೋವನ್ನೇ ನಿಷೇಧಿಸಬೇಕೆಂದು ನಾನು ವಾದಿಸುತ್ತಿರುವೆನೆಂದು ಕೆಲವರು ತಿಳಿದಾರು. ಹಾಗಲ್ಲ. ನಮ್ಮ ಹೆದ್ದಾರಿಗಳ ಮೇಲಿನ ಡೀಸೆಲ್ ಲಾರಿಗಳಲ್ಲಿ ಟರ್ಬೋ ದಶಕಗಳಿಂದ ದುಡಿಯುತ್ತಿದೆ. ಲಕ್ಷಗಟ್ಟಲೆ ಕಿಲೋಮೀಟರು ಓಡಿದರೂ ದೂರಿಲ್ಲ. ಅಲ್ಲಿ ಎಂಜಿನ್ನು ದೊಡ್ಡದು, ತಿರುಗುವುದು ನಿಧಾನ, ತೊಟ್ಟಿಯಲ್ಲಿ ಎಣ್ಣೆ ಧಾರಾಳ. ಕೆಟ್ಟರೆ ಅಂದಿನ ದುಡಿಮೆ ಹೋಗುವುದೆಂಬ ಭಯದಿಂದ ಮಾಲೀಕನೂ ಜಾಗರೂಕ. ಕೇಡು ಟರ್ಬೋವಿನಲ್ಲಿಲ್ಲ, ಅದರ ಸುತ್ತಣ ಭಾಗಗಳಿಗೆ ಬಿಟ್ಟಿದ್ದ ಮಿಗುತೆಯನ್ನು ಹಿಂಡಿ ತೆಗೆದುಬಿಟ್ಟದ್ದರಲ್ಲಿದೆ. ಹಳೆಯ ಎಂಜಿನ್ನಿನಲ್ಲಿ ಬೇಕಾದುದಕ್ಕಿಂತ ಹೆಚ್ಚು ಲೋಹವಿತ್ತು. ಆ ಹೆಚ್ಚಿನ ಲೋಹವೇ ನಮ್ಮ ಅಜ್ಞಾನವನ್ನೂ ಅಲಕ್ಷ್ಯವನ್ನೂ ಹೊರುತ್ತಿತ್ತು. ಅದನ್ನು ತೆಗೆದ ಮೇಲೆ ಅದರ ಜಾಗದಲ್ಲಿ ತಿಳಿವಳಿಕೆಯನ್ನಿಡಬೇಕು, ಇಟ್ಟಿಲ್ಲ.

ಆದಕಾರಣ ಬಣ್ಣದ ಹಾಳೆಯ ಹಿಂಬದಿಯಲ್ಲಿ ಇನ್ನು ಮೂರು ಸಾಲುಗಳು ಬರಬೇಕೆಂದು ನನ್ನ ಬೇಡಿಕೆ. ಎಂಜಿನ್ನು ಯಾವ ದರ್ಜೆಯ ಎಣ್ಣೆಯನ್ನು ಕೇಳುತ್ತದೆ, ಬೇರೆ ಎಣ್ಣೆ ಹೊಯ್ದರೆ ಏನಾಗುತ್ತದೆ ಎಂಬುದು ಒಂದು. ಬೆಲ್ಟೋ ಸರಪಣಿಯೋ, ಬೆಲ್ಟಾದರೆ ಎಷ್ಟು ವರ್ಷಕ್ಕೆ ಬದಲಾಯಿಸಬೇಕು, ಅದಕ್ಕೆ ಇಂದಿನ ಖರ್ಚೆಷ್ಟು ಎಂಬುದು ಇನ್ನೊಂದು. ಇವನ್ನು ಪುಸ್ತಕದ ಇನ್ನೂರನೆಯ ಪುಟದಲ್ಲಿ ಹೂಳದೆ, ಎರಡನೆಯ ಮಾಲೀಕನಿಗೂ ಕಾಣುವಂತೆ ಬಾನೆಟ್ಟಿನ ಒಳಮೈಗೆ ಲೋಹದ ತಗಡಿನಲ್ಲಿ ಕೆತ್ತಿ ಹಚ್ಚಿರುವೆವೆಂಬ ಮಾತು ಮೂರನೆಯದು. ತಗಡಿಗೆ ತಗಲುವ ಖರ್ಚು ಕೆಲವು ರೂಪಾಯಿ. ಹೀಗೆ ಬರೆದರೆ ಕಾರು ಮಾರಾಟವಾಗದೆಂದು ವ್ಯಾಪಾರಿಗಳು ಹೇಳುವರು. ನಿಜವನ್ನು ಹೇಳಿದರೆ ಮಾರಾಟವಾಗದ ವಸ್ತುವನ್ನು ಮೊದಲು ತಿದ್ದಬೇಕಾದುದು ಕಾರ್ಖಾನೆಯಲ್ಲಲ್ಲವೆ?

ಮನೆಯಲ್ಲಿ ಇಂತಹ ಕಾರಿರುವ ವಿದ್ಯಾರ್ಥಿಗಳು ಈ ಭಾನುವಾರ ಒಂದು ಕೆಲಸ ಮಾಡಬಹುದು. ಎಂಜಿನ್ನು ತಣ್ಣಗಿರುವಾಗ ಎಣ್ಣೆಯ ಅಳತೆಕಡ್ಡಿಯನ್ನು ಹೊರಗೆಳೆದು ಬಿಳಿಯ ಬಟ್ಟೆಯಲ್ಲಿ ಒರಸಿ ಮೂಸಿ ನೋಡಿ. ಎಣ್ಣೆಯ ಮಟ್ಟ ಕಡಮೆಯಾಗುವುದರ ಬದಲು ಏರಿದ್ದರೆ, ಪೆಟ್ರೋಲಿನ ವಾಸನೆ ಮೂಗಿಗೆ ಹೊಡೆದರೆ, ಕಾರು ಹತ್ತಿರದ ಅಂಗಡಿಗೆ ಹೋಗಿ ಬರುವುದಕ್ಕೇ ಹೆಚ್ಚಾಗಿ ಬಳಕೆಯಾಗುತ್ತಿದೆಯೆಂದು ತಿಳಿಯಬಹುದು. ಅಂತಹ ಕಾರಿನ ಎಣ್ಣೆಯನ್ನು ಪುಸ್ತಕ ಹೇಳುವ ಅವಧಿಯ ಅರ್ಧಕ್ಕೇ ಬದಲಾಯಿಸುವುದು ಒಳ್ಳೆಯದು. ಬಟ್ಟೆಯ ಮೇಲೆ ಕರಿಯ ರಬ್ಬರಿನ ಕಣಗಳೇನಾದರೂ ಕಂಡರೆ ಕಾರನ್ನು ಹೊರಗೆ ತೆಗೆಯದೆ ಮೆಕ್ಯಾನಿಕರನ್ನು ಮನೆಗೇ ಕರೆಯಿಸಿ. ಮೊದಲು ಬಿಚ್ಚಬೇಕಾದುದು ಎಣ್ಣೆಯ ತೊಟ್ಟಿಯನ್ನೆಂದು ಅವರಿಗೆ ಹೇಳಿ.